ಆರ್ಜಿ-ಬಾರ್ಜಿ ಬೇಕು ಅಂದ ದೊರೆ

ನೀಲಗಿರೀಲಿ ಬಟ್ಲರಾಗಿದ್ದೋರು ಬೇಕಾದಷ್ಟು ಜನ. ಬಿಳೀ ದೊರೆ ತಲೇನ ಹಟ್ಟಿ ಗೌಡ್ರ ಮುಂದೆ ಬಗ್ಗಿಸಿದ ಬಟ್ಲರ್ ಮಾತ್ರ ನಾನೊಬ್ಬನೇ. ನಂಬ್ದೇ ಇರೋರು ಪುಟ ತಿರುಗಿಸ್ಬಹುದು.

ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದು, ಅರವಂಕಾಡಿನಾಚೆ ಒಂದು ಟೀ ಎಸ್ಟೇಟ್ ಬಂಗ್ಲೆ ಸೇರ್ಕೊಂಡಿದ್ದೆ. ನಮ್ಮ ದೊರೆ ಸ್ಕಾಟ್ಲೆಂಡಿನೋನು. ಊಟ ಬಿಟ್ಟಾದ್ರೂ ಇರ್ತಿದ್ದ, ವಾದ ಬಿಟ್ಟು ಇರ್ತಿರಲಿಲ್ಲ. ಭಾನುವಾರ ಪಕ್ಕದ ಎಸ್ಟೇಟ್ ದೊರೆ ಬಂದ್ರೆ ಇಬ್ರೂ ಮೇಜು ಗುದ್ದಿ ಕಿರುಚಾಡೋರು. ಯಾರ ನಾಯಿ ಮೇಲು, ಯಾರ ಬೆಟ್ಟಕ್ಕೆ ಮಂಜು ಮೊದಲು ಇಳಿಯುತ್ತೆ, ಹಿಂಗೆ. ಅವನು ಹೋದ್ಮೇಲೆ ನಮ್ಮೋನು ಮೀಸೆ ಒರೆಸ್ಕೊಂಡು, "ಒಳ್ಳೇ ಆರ್ಜಿ-ಬಾರ್ಜಿ ಆಯ್ತು" ಅನ್ನೋನು.

ಕಚೇರಿಗೆ ಕೊಡೋ ಅರ್ಜಿಗೂ ಇದಕ್ಕೂ ನೆಂಟಸ್ತನ ಇಲ್ಲ, ದೊರೇನೇ ಕೇಳಿದೀನಿ. ಇಂಗ್ಲಿಷಲ್ಲಿ ವಾದ ಮಾಡೋದಕ್ಕೆ ಆರ್ಗ್ಯೂ ಅಂತಾರಂತೆ. ಅವನ ಅಜ್ಜಿ ಕಾಲದೋರು ಅದನ್ನ ಎಳೆದಾಡಿ 'ಆರ್ಗಲ್' ಮಾಡಿ, ಹಿಂದೆ 'ಬಾರ್ಗಲ್' ಅಂತ ಬಾಲ ಕಟ್ಟಿದ್ರಂತೆ. ಬಾಲಕ್ಕೆ ಅರ್ಥ ಇಲ್ಲ, ಬರೀ ಸದ್ದು. ಅದೇ ಕುಟುಂಬದ ಮರಿ ಈ ಆರ್ಜಿ-ಬಾರ್ಜಿ. ಬಾಯಿ ಮಾತ್ರ ಓಡ್ಬೇಕು, ಕೈ ಎತ್ತಿದ್ರೆ ಅದು ಬೇರೆ.

"ಇದೇನು ಹೊಸದು ದೊರೆ? ನಾವು ಜಗಳ-ಗಿಗಳ ಅನ್ನಲ್ವಾ? ನಿಮ್ಮಜ್ಜಿ ನಮ್ಮೋರ ಹತ್ರಾನೇ ಕಲಿತಿರ್ಬೇಕು" ಅಂದೆ. ಸೂಪು ಆರೋವರೆಗೂ ಅದಕ್ಕೂ ವಾದ ಹಾಕ್ದ.

ಪಕ್ಕದ ದೊರೆ ಹಡಗು ಹತ್ತಿ ಸೀಮೆಗೆ ಹೊರಟ್ಹೋದ. ನಮ್ಮೋನಿಗೆ ಬಾಯಿ ತುರಿಕೆ. ಮಾಡೋಕೆ ಕೆಲಸ ಇಲ್ದೆ ಎಸ್ಟೇಟ್ ಸುತ್ತ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿಸ್ದ. ಪಕ್ಕದ ಹಟ್ಟೀಲಿದ್ದ ಬಡಗರು, ಆ ಬೆಟ್ಟದ ಜನ, ಎಮ್ಮೆ ಹೊಡ್ಕೊಂಡು ಹೋಗೋ ದಾರಿ ಬೇಲಿ ಒಳಗೇ ಸಿಕ್ಕಾಕ್ಕೊಳ್ತು. ಎಮ್ಮೆಗಳು ಗುಡ್ಡ ಸುತ್ತಿ ಮೇಯೋಕೆ ಹೋಗಿ ಸುಸ್ತಾಗಿ, ಹಾಲು ಕಮ್ಮಿಯಾಗೋಯ್ತು. ಹಟ್ಟಿಯ ಹಿರೀಕ ಗೌಡಜ್ಜ ನ್ಯಾಯ ಕೇಳೋಕೆ ಬಂಗ್ಲೆಗೆ ಬಂದ್ರು.

ದೊರೆಗೆ ಹಬ್ಬ. "ಬಟ್ಲರ್, ಇವರಲ್ಲಿ ಆರ್ಜಿ-ಬಾರ್ಜಿ ಹೆಂಗೆ ಶುರು ಮಾಡ್ತಾರೆ?"

ನನ್ನ ನಾಲಿಗೆ ಸುಮ್ನಿರುತ್ತಾ? "ಟೋಪಿ ತೆಗೆದು ದೊಡ್ಡೋರ ಮುಂದೆ ತಲೆ ಬಗ್ಗಿಸ್ಬೇಕು. ನಿಮ್ಮಲ್ಲಿ ಗುದ್ದಾಟಕ್ಕೆ ಮುಂಚೆ ಕೈ ಕುಲುಕಲ್ವಾ, ಹಂಗೆ."

ಬಗ್ಗಿಸೇಬಿಟ್ಟ. ಬಡಗರಲ್ಲಿ ಕಿರಿಯೋರು ತಲೆ ಬಗ್ಗಿಸಿದ್ರೆ ಹಿರಿಯೋರು ನೆತ್ತಿ ಮುಟ್ಟಿ ಹರಸ್ಬೇಕು. ಗೌಡಜ್ಜನ ಕೈ ತಾನಾಗೇ ಹೋಗಿ ಆ ಬೋಳು ತಲೆ ಮೇಲೆ ಕೂತ್ಕೊಳ್ತು. "ಒಂದಿದ್ದದ್ದು ಸಾವಿರ ಆಗ್ಲಿ, ನೂರು ಕಾಲ ಬಾಳು" ಅಂದೂಬಿಟ್ರು. ಆಮೇಲೆ ಕಾದ ಹೆಂಚು ಮುಟ್ಟಿದಂಗೆ ಕೈ ಎಳ್ಕೊಂಡ್ರು. (ಅವರು ಆಡಿದ್ದು ಬಡಗ ಭಾಷೇಲಿ, ನಮ್ಮ ಕನ್ನಡದಲ್ಲಿ ಹೇಳ್ತಿದೀನಿ.)

"ಅಯ್ಯೋ ಬಟ್ಲರ, ಏನ್ ಮಾಡಿಸ್ಬಿಟ್ಯೋ! ಹರಸಿದ ಬಾಯಲ್ಲೇ ಬಯ್ಯೋದು ಹೆಂಗೆ?"

"ಅಜ್ಜ, ಎಮ್ಮೆ ದಾರಿ?"

"ಹರಸಿದ್ಮೇಲೆ ಮಗ ಆದ. ಮಗನ ಹತ್ರ ದಾರಿಗೆ ಕಿತ್ತಾಡ್ಲಾ? ಮನೆಗೆ ಬರ್ಲಿ, ಮಜ್ಜಿಗೆ ಕುಡೀಲಿ" ಅಂತ ಹೊರಟೇಬಿಟ್ರು.

ಈಗ ಎಮ್ಮೆ ದಾರಿ ಕೈತಪ್ಪಿದ್ರೆ ಹಟ್ಟಿಯೋರು ನನ್ನ ಚರ್ಮ ಸುಲೀತಾರೆ. ದೊರೆ ಮಾತ್ರ, "ನನ್ನ ಆರ್ಜಿ-ಬಾರ್ಜಿ ಎಲ್ಲಿ?" ಅಂತ ಅಜ್ಜನ ಹಿಂದೇನೇ ಬಿದ್ದ.

"ಗೇಟ್ ಬೀಗದ ಕೈ ತರ್ಲಾ ದೊರೆ?"

"ಬೇಡ! ಮುದುಕ ಸುತ್ತಿ ಹೋದ್ರೆ ನಾನೂ ಸುತ್ತಿ ಹೋಗ್ತೀನಿ."

ಮೊದಲ ಏರಲ್ಲಿ "ಈ ಬೇಲಿ ನನ್ನ ಹಕ್ಕು" ಅಂದ. ಆಮೇಲಿನ ಏರಲ್ಲಿ "ಬೇಲಿ" ಅಂದ. ಗುಡ್ಡದ ತುದೀಲಿ ಬರೀ ಉಸಿರು. ಹಟ್ಟಿ ಸೇರಿದ್ದೇ ಗೌಡಜ್ಜನ ಜಗಲಿ ಮೇಲೆ ಉದ್ದಕ್ಕೆ ಬಿದ್ಕೊಂಡ.

ಗೌಡಜ್ಜ ಮಜ್ಜಿಗೆ ಇಟ್ಟು, "ಪಾಪ, ನಮ್ಮ ಎಮ್ಮೆಗಳೂ ದಿನಾ ಹಿಂಗೇ ಬಂದು ಬೀಳ್ತವೆ" ಅಂದ್ರು. ಅಕ್ಷರ ಬಿಡ್ದೆ ಇಂಗ್ಲಿಷ್ ಮಾಡಿ ಹೇಳ್ದೆ.

ದೊರೆ ಎದ್ದು ಕೂತ. "ಎಮ್ಮೆಗೆ ನಾಲ್ಕು ಕಾಲು! ನನಗೆ ಎರಡೇ!"

"ಹೊಟ್ಟೇನೂ ಅದರದೇ ದೊಡ್ಡದಲ್ವಾ ಮಗಾ?"

ಶುರುವಾಯ್ತು ನೋಡಿ! ಬೈಗುಳ ಇಲ್ಲ, ಅಪ್ಪ-ಮಗನ ಹಂಗೆ ಹೊತ್ತು ಮುಳುಗೋವರೆಗೂ ಎಮ್ಮೆ ಕಾಲಿನ ಲೆಕ್ಕಾಚಾರ. ಎರಡೂ ಕಡೆ ಮಾತು ದಾಟಿಸಿ ನನ್ನ ಗಂಟಲು ಬಿದ್ದೋಯ್ತು.

ಮಾರನೇ ದಿನ ದೊರೆ ಅಪ್ಪಣೆ ಕೊಟ್ಟ: "ಗೇಟ್ ತೆಗೆದಿಡು. ಭಾನುವಾರ ಮುದುಕ ಸುತ್ತಿ ಬಂದ್ರೆ ಆರ್ಜಿ-ಬಾರ್ಜಿಗೆ ತಡ ಆಗುತ್ತೆ."

ಭಾನುವಾರ ಎಮ್ಮೆಗಳು ಮುಂದೆ, ಗೌಡಜ್ಜ ಹಿಂದೆ. ಒಂದೆಮ್ಮೆ ಸೀದಾ ಬಂದು ದೊರೆ ಗುಲಾಬಿಗೆ ಬಾಯಿ ಹಾಕ್ತು. ದೊರೆ ಮುಖದ ಖುಷಿ ನೋಡ್ಬೇಕಿತ್ತು, ಕುರ್ಚಿ ಎಳ್ಕೊಂಡು ಶರ್ಟಿನ ತೋಳು ಮಡಿಸ್ತಾ ಇದ್ದ.