ಡೆಂಟನ್ ಉಳಿಸಿದ ಆಡು

ಉತ್ತರ ಕೆರೊಲಿನಾದ ಆ ತರಬೇತಿ ಶಾಲೆಯಲ್ಲಿ ಆಡುಗಳನ್ನು ಪಳಗಿಸಿ, ಹೆದರಿಸದೆ ಮೇಜಿನವರೆಗೆ ಕರೆತರುವುದು ವರ್ನಾಳ ಕೆಲಸ. ಅಲ್ಲಿ ವೈದ್ಯರು ಅರಿವಳಿಕೆ ಕೊಟ್ಟು, ತೊಡೆಯ ಕೂದಲು ಬೋಳಿಸಿ, ರಕ್ತನಾಳ ಕತ್ತರಿಸುತ್ತಿದ್ದರು. ಯುದ್ಧಕ್ಕೆ ಹೊರಟ ಸೈನಿಕರು ನೆತ್ತರು ನಿಲ್ಲಿಸುವುದನ್ನು ಕಲಿಯುತ್ತಿದ್ದರು. ಪಾಠ ಮುಗಿದ ಮೇಲೆ ಯಾವ ಆಡನ್ನೂ ಎಚ್ಚರಗೊಳಿಸದೆ, ಮಲಗಿದಲ್ಲೇ ಸಾಯಿಸುತ್ತಿದ್ದರು.

ತಂಡಕ್ಕೆ ತಡವಾಗಿ ಬಂದು ಸೇರಿದ್ದ ಸೈನಿಕ ಡೆಂಟನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊಣಕೈವರೆಗೆ ರಕ್ತವಾಗಿದ್ದ ಅವನು ನಗುತ್ತ ಹೊರಬಂದ.

"ಮೇಡಂ, ಉಳ್ಕೊಂಡ್ತು! ರಕ್ತ ನಿಲ್ಸಿ ಹೊಲಿಗೆನೂ ಹಾಕ್ದೆ. ಯಾವಾಗ ಎದ್ದೇಳತ್ತೆ?"

ಆ ಮುಖ ನೋಡಿ ವರ್ನಾಳಿಗೆ ನಿಜ ಹೇಳಲಾಗಲಿಲ್ಲ. "ಬೆಳಿಗ್ಗೆ ಹೊತ್ತಿಗೆ ಮೇಯ್ತಾ ಇರತ್ತೆ ಕಣಪ್ಪ. ಮೊದ್ಲು ಕೈ ತೊಳ್ಕೋ, ಕಟುಕನ ಥರ ಕಾಣ್ತೀಯ," ಎಂದುಬಿಟ್ಟಳು.

ಮರುದಿನ ಅವನು ಸೇಬು ಹಿಡಿದು ದೊಡ್ಡಿಗೇ ಬಂದ. "ನಮ್ ಪೇಷಂಟ್ ಎಲ್ಲಿ ಮೇಡಂ?"

ವರ್ನಾ ಅದೇ ಕಂದು ಬಣ್ಣದ ಇನ್ನೊಂದು ಆಡನ್ನು ತೋರಿಸಿದಳು. ಅದು ತಾನಾಗಿಯೇ ಬಂದು ಅವನ ಅಂಗೈಗೆ ಮೂತಿ ಇಟ್ಟಿತು. ತಾನು ಹಾಕಿದ ಹೊಲಿಗೆ ನೋಡಲು ಡೆಂಟನ್ ಬಗ್ಗಿ ತೊಡೆ ಸವರಿದ. ಅಲ್ಲಿ ಕೂದಲು ಒತ್ತಾಗಿತ್ತು. ಇನ್ನೊಂದು ತೊಡೆಯನ್ನೂ ಸವರಿದ.

ವರ್ನಾ ನೆಲ ನೋಡುತ್ತ ನಿಂತಳು. ಅವನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ.

"ಬೇಗ ವಾಸಿಯಾಗ್ಬಿಟ್ಟಿದೆ ಮೇಡಂ," ಎಂದು ಮೆಲ್ಲಗೆ ಹೇಳಿ, ಸೇಬನ್ನು ಪೂರ್ತಿ ತಿನ್ನಿಸಿ ಹೋದ.

ಮುಂದಿನ ತಂಡ ಬಂದಾಗ ಆ ಕಂದು ಆಡಿನ ಸರದಿ. ವರ್ನಾ ಹಗ್ಗ ತಂದಳು. ಅದು ಎಂದಿನಂತೆ ತಾನೇ ಕೊರಳು ಚಾಚಿತು. ಅವಳು ಅದರ ಮುಖ ನೋಡದೆ ಗಂಟು ಹಾಕಿದಳು.