ಪೀರಮ್ಮನ ಮೂರನೇ ಭೇಟಿ

ಪೀರಮ್ಮ ಯಾರ ಮನೆಗೆ ಮೊದಲ ಸಲ ಹೋದರೂ ಕೇಳುವುದು ಒಂದನ್ನೇ: ಕುಡಿಯಲು ನೀರು. ನೀರು ಕುಡಿದು, ಊರು ಯಾವುದು, ಊರಿನ ಬಸ್ಸು ಎಲ್ಲಿ ಸಿಗುತ್ತದೆ ಎಂದು ನಾಲ್ಕು ಮಾತಾಡಿ ಎದ್ದು ಬರುತ್ತಾಳೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನೀರು ಕೊಟ್ಟವರೇ ಎದುರು ಕೂತು ತಾವಾಗಿ ಬಾಯಿಬಿಡುತ್ತಾರೆ. ರಾಮಮೂರ್ತಿ ನಗರದ ವಠಾರಗಳಲ್ಲಿ ಎಂಟು ವರ್ಷದಿಂದ ಅವಳ ಕೆಲಸ ನಡೆದಿರುವುದು ಹೀಗೆ.

ಅವಳೂ ಅಂಥದೇ ವಠಾರದ ಒಂಟಿ ಕೋಣೆಯಲ್ಲಿ ಬದುಕಿದವಳು. ಯಾದಗಿರಿ ಕಡೆಯಿಂದ ಗಂಡನ ಜೊತೆ ಬಂದು, ಮಗಳನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತಿದ್ದಳು. ಓದಿದ್ದು ಒಂಬತ್ತನೇ ಇಯತ್ತೆ. ರೇವತಿ ಮೇಡಂ ಎಂಬವರು ಸಣ್ಣದೊಂದು ಸಂಸ್ಥೆ ಕಟ್ಟಿ, ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ ತೆರೆದಾಗ, ಮಗಳನ್ನು ಬಿಡಲು ಹೋದ ಪೀರಮ್ಮ ಅಲ್ಲೇ ಕೆಲಸಕ್ಕೆ ನಿಂತಳು. ಮಕ್ಕಳನ್ನು ಆಡಿಸುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ರೇಷನ್ ಕಾರ್ಡಿಗೆ ಓಡಾಡುವುದು, ಕುಡಿದು ಬಡಿಯುವ ಗಂಡಂದಿರನ್ನು ಕೂರಿಸಿಕೊಂಡು ಮಾತಾಡುವುದು, ಎಲ್ಲವೂ ಅವಳದೇ.

ಇದೆಲ್ಲ ನಡೆಯುತ್ತಿದ್ದುದು ದೊಡ್ಡನೆಕ್ಕುಂದಿಯ ಒಂದು ಕಂಪನಿ ಕೊಡುವ ಅನುದಾನದಿಂದ. ಅದರ ಅವಧಿ ಮಾರ್ಚಿಗೆ ಮುಗಿಯುವುದಿತ್ತು. ಮುಂದುವರಿಯದಿದ್ದರೆ ಕೇಂದ್ರಕ್ಕೆ ಬೀಗ ಬೀಳುತ್ತದೆ; ಇಪ್ಪತ್ತಾರು ಮಕ್ಕಳು ಎಲ್ಲಿ ಹೋಗಬೇಕು? ಫೆಬ್ರವರಿಯಲ್ಲಿ ಕಂಪನಿಯಿಂದ ಸುದರ್ಶನ್ ಎಂಬ ಅಧಿಕಾರಿ ನೋಡಲು ಬರುತ್ತಾರೆಂದು ತಿಳಿಯಿತು.

"ತಾಯಂದ್ರ ಜೊತೆ ಮಾತಾಡ್ತಾರಂತೆ ಪೀರಮ್ಮ. ಎಲ್ಲರನ್ನೂ ಸೇರಿಸ್ಬೇಕು," ಎಂದರು ರೇವತಿ.

"ಅದರ ಚಿಂತಿ ಬಿಡ್ರಿ ಮೇಡಂ. ನೋಡಿ ದಂಗಾಗಿ ಹೋಗ್ಬೇಕು ಅವ್ರು, ಹಂಗ ಮಾಡ್ತೀನಿ."

ಅವಳು ಮನೆಮನೆಗೆ ಹೋಗಿ, "ದೊಡ್ಡ ಮಂದಿ ಬರ್ತಾರ, ನಮ್ಮ ಮರ್ಯಾದಿ ಉಳಸ್ರೆವ್ವಾ," ಎಂದು ಹೇಳಿ ಬಂದಳು.

ಅಂದು ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬಂದರು. ಟ್ರಂಕಿನ ತಳದಲ್ಲಿದ್ದ ಇಳಕಲ್ ಸೀರೆಗಳು ಹೊರಬಿದ್ದಿದ್ದವು. ಮಕ್ಕಳ ತಲೆಗೆ ಎಣ್ಣೆ, ಮುಖಕ್ಕೆ ಪೌಡರು. ಆಫೀಸೊಂದರಲ್ಲಿ ಕಸ ಗುಡಿಸುವ ಭಾಗಮ್ಮ ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾಡಿ ತಂದಿದ್ದಳು.

ಸುದರ್ಶನ್ ಲ್ಯಾಪ್‌ಟಾಪ್ ತೆರೆದು ಕೇಳಿದರು: "ನಿಮಗೆಲ್ಲ ಏನೇನು ತೊಂದ್ರೆ ಇದೆ, ಹೇಳಿ."

ಭಾಗಮ್ಮ ಸೆರಗು ಸರಿಮಾಡಿಕೊಂಡಳು. "ನಮಗೇನ್ ತ್ರಾಸ್ರಿ ಸಾಹೇಬ್ರ? ದೇವ್ರು ಚಂದ ಇಟ್ಟಾನ."

"ನಮ್ಮ ಮನಿಯವ್ರು ಕುಡ್ಯಂಗಿಲ್ರಿ," ಎಂದಳು ಇನ್ನೊಬ್ಬಳು, ಯಾರೂ ಕೇಳದಿದ್ದರೂ. ಅವಳ ಗಂಡನನ್ನು ಎಲ್ಲರೂ ಬಲ್ಲರು. ಒಬ್ಬರೂ ನಗಲಿಲ್ಲ.

"ಮೊದ್ಲು ರೊಟ್ಟಿ ತಿನ್ರಿ, ಆರಿ ಹೋಗ್ತಾವ," ಎಂದು ಭಾಗಮ್ಮ ತಟ್ಟೆ ಮುಂದೆ ಸರಿಸಿದಳು.

ಬಾಗಿಲ ಬಳಿ ನಿಂತಿದ್ದ ಪೀರಮ್ಮ ಹಿಗ್ಗಿದಳು. ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಹೆಂಗಸರು ಹೋದ ಮೇಲೆ ಅವಳು ತಟ್ಟೆ ಜೋಡಿಸುತ್ತಿದ್ದಾಗ, ಸುದರ್ಶನ್ ರೇವತಿಗೆ ಹೇಳುವುದು ಕಿವಿಗೆ ಬಿತ್ತು.

"ತಪ್ಪು ತಿಳ್ಕೋಬೇಡಿ ಮೇಡಂ. ಇವರೆಲ್ಲ ಚೆನ್ನಾಗೇ ಸೆಟಲ್ ಆಗಿದಾರೆ. ಗ್ರಾಂಟು ಇನ್ನೂ ಕಷ್ಟದಲ್ಲಿರೋ ಏರಿಯಾಗೆ ಹೋಗ್ಲಿ ಅಂತ ಬರೀಬೇಕಾಗುತ್ತೆ."

ಪೀರಮ್ಮನ ಕೈ ನಿಂತಿತು. ತಪ್ಪು ಹೆಂಗಸರದ್ದಲ್ಲ, ತನ್ನದು. ಎಂಟು ವರ್ಷ ತಾನು ಪಾಲಿಸಿದ್ದನ್ನೇ ಈ ಒಂದು ದಿನ ಮರೆತಿದ್ದಳು. ಬಂದ ಅತಿಥಿಯ ಮುಂದೆ ಮನೆಯ ಹುಳುಕು ಯಾರು ತೆರೆದಿಡುತ್ತಾರೆ?

"ಇನ್ನೊಂದ್ಸಲ ಸೇರಿಸೋಣ್ವಾ?" ರೇವತಿ ಮೆಲ್ಲಗೆ ಕೇಳಿದರು. "ಹಳೇ ಸೀರೇಲೇ ಬರ್ಲಿ. ಕಷ್ಟ ಹೇಳ್ಕೊಳ್ಳೋಕೆ ಹೇಳು."

"ಅದೊಂದು ನನ್ನ ಕೈಲೆ ಆಗಂಗಿಲ್ರಿ ಮೇಡಂ."

ಅವಳು ಕೈ ಒರೆಸಿಕೊಂಡು ಗೇಟಿಗೆ ಹೋದಳು. ಸುದರ್ಶನ್ ಕ್ಯಾಬಿಗೆ ಕಾಯುತ್ತಿದ್ದರು.

"ಸಾಹೇಬ್ರ, ಇವತ್ತು ನಿಮ್ದು ಮೊದಲ್ನೇ ಸಲ. ಮೊದಲ್ನೇ ಸಲಕ್ಕ ನನಗೂ ಯಾರೂ ಏನೂ ಹೇಳಂಗಿಲ್ರಿ. ಇನ್ನ ಎರಡ ಸಲ ಬರ್ರಿ. ಆ ಲ್ಯಾಪ್‌ಟಾಪ್ ಪೆಟ್ಟಿಗಿ ಆಫೀಸಿನಾಗ ಇಟ್ಟು ಬರ್ರಿ."

ಅವರು ನಕ್ಕುಬಿಟ್ಟರು. "ಇಪ್ಪತ್ತನೇ ತಾರೀಖಿಗೆ ರಿಪೋರ್ಟ್ ಕೊಡ್ಬೇಕು ಕಣಮ್ಮ."

"ಇನ್ನ ಹತ್ತು ದಿನ ಅದಾವಲ್ರಿ."

ಬರಲಾರರು ಎಂದೇ ಅವಳು ಅಂದುಕೊಂಡಿದ್ದಳು. ಆದರೆ ಬಂದರು. ಪೀರಮ್ಮ ಅವರನ್ನು ಭಾಗಮ್ಮನ ಒಂಟಿ ಕೋಣೆಗೆ ಕರೆದೊಯ್ದಳು. ನೀರು ಕುಡಿದು, ಸಜ್ಜಿ ರೊಟ್ಟಿ ತಟ್ಟುವುದು ಹೇಗೆಂದು ಕೇಳಿ, ಬೇರೇನೂ ಹೊಳೆಯದೆ ಎದ್ದು ಹೋದರು. ಆಮೇಲೆ ಭಾನುವಾರ ಇನ್ನೊಮ್ಮೆ ಬಂದರು. ಅವರು ಕೇಳುವ ಮೊದಲೇ ಭಾಗಮ್ಮ ನೀರಿನ ಚೊಂಬು ತಂದಿಟ್ಟಳು. ಎದುರಿಗೆ ಗೋಡೆಗೆ ಒರಗಿ ಕೂತಳು. ಸುದರ್ಶನ್ ಏನೋ ಕೇಳಲು ಹೊರಟರು. ಪೀರಮ್ಮ ಕಣ್ಣಿನಲ್ಲೇ ತಡೆದಳು.

ಸ್ವಲ್ಪ ಹೊತ್ತಾದ ಮೇಲೆ ಭಾಗಮ್ಮ ಎದ್ದು ಬಾಗಿಲು ಮುಚ್ಚಿದಳು. ಒಳಬದಿಯಲ್ಲಿ, ಮಂಡಿಯಿಂದ ಸ್ವಲ್ಪ ಮೇಲೆ, ಹಸಿರು ಬಣ್ಣ ಕಿತ್ತು ಹೋಗಿ ಒಳಗಿನ ಮರ ಕಾಣುತ್ತಿತ್ತು.

"ಕೇಂದ್ರ ಗೊತ್ತಿರಲಾರದಾಗ ಹುಡುಗಿನ್ನ ಒಳಗ ಬಿಟ್ಟು ಕೀಲಿ ಹಾಕಿ ಹೋಗ್ತಿದ್ನಿರಿ. ರೊಟ್ಟಿ ಇಟ್ಟು, ನೀರ ಇಟ್ಟು. ಆಗ ಎರಡೂವರಿ ವರ್ಷ ಅದಕ್ಕ. ನಾ ಬರೂತನಕ ಚಮಚಾಲೆ ಬಾಗ್ಲಾ ಬಡೀತಿತ್ತು." ಅವಳು ಆ ಜಾಗವನ್ನು ಬೆರಳಿನಿಂದ ಸವರಿದಳು. "ಮಾಲಕ್ರು ಬಣ್ಣ ಹಚ್ಚಸ್ತೀನಿ ಅಂದ್ರು. ಬ್ಯಾಡ್ರಿ ಅಂದೆ."

ಸುದರ್ಶನ್ ಕೈ ಫೋನಿದ್ದ ಜೇಬಿಗೆ ಹೋಯಿತು. ಬರಿಗೈ ಹೊರಗೆ ಬಂತು. ಅವರು ಬಗ್ಗಿ ಬಾಗಿಲನ್ನು ನೋಡಿದರು, ಚೊಂಬಿನಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಕುಡಿದರು.

ಅನುದಾನ ಮುಂದುವರಿಯಿತು, ಒಂದೇ ವರ್ಷಕ್ಕೆ. ಪತ್ರ ಓದಿದ ರೇವತಿ ನಿಟ್ಟುಸಿರು ಬಿಟ್ಟರು. "ಮುಂದಿನ ಫೆಬ್ರವರಿಗೆ ಮತ್ತೆ ಯಾರಾದ್ರೂ ನೋಡೋಕೆ ಬರ್ತಾರೆ. ಆಗೇನ್ ಮಾಡ್ತೀಯ?"

"ಸೀರಿ ಉಡಸ್ತೀನ್ರಿ, ರೊಟ್ಟಿ ಮಾಡಸ್ತೀನಿ," ಎಂದಳು ಪೀರಮ್ಮ ಚೀಲ ಹೆಗಲಿಗೇರಿಸುತ್ತ. "ಆದ್ರ ಮೂರು ಸಲ ಬರ್ಬೇಕಾಗ್ತದಂತ ಮೊದ್ಲ ಹೇಳಿಬಿಡ್ರಿ."

ವಠಾರಕ್ಕೆ ಹೊಸದಾಗಿ ಒಂದು ಸಂಸಾರ ಬಂದಿತ್ತು. ಅವಳು ಅಲ್ಲಿಗೆ ಹೋಗಿ ನೀರು ಕೇಳಬೇಕಿತ್ತು.