ಅತ್ತೆ ನೀರುಣಿಸಿದ ಗೋಡೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆ ಕಟ್ಟಿಸುವಾಗಂತೂ ಅದು ಅಲ್ಲಿಂದ ಇಳಿದದ್ದೇ ಇಲ್ಲ. ಆಗ ಸಾಂಗ್ಲಿ-ಮಿರಜ ಪಕ್ಕದ ಕುಪವಾಡದಲ್ಲಿ ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಗಂಡನಿಗೆ ಅಲ್ಲಿ ಲೇಥ್ ಕೆಲಸ ಕಾಯಂ ಆದದ್ದೇ ತಡ, ಹತ್ತಿರದಲ್ಲೊಂದು ಸಣ್ಣ ಜಾಗ ಹಿಡಿದೆವು. ಅಲ್ಲಿಯವರೆಗೆ ಇದ್ದದ್ದು ಮಿರಜಿನ ಬಾಡಿಗೆ ಕೋಣೆಯಲ್ಲಿ. ಮಳೆಗಾಲ ಬಂದರೆ ಅದರ ಗೋಡೆಗಳೆಲ್ಲ ಒದ್ದೆ, ಅತ್ತೆಗೆ ಉಬ್ಬಸ. ಇನ್ನೊಂದು ಮಳೆಗಾಲ ಅಲ್ಲೇ ಕಳೆದರೆ ಅವರು ಉಳಿಯುವುದಿಲ್ಲ ಎಂಬ ಹೆದರಿಕೆ ನಮ್ಮಿಬ್ಬರಿಗೂ ಇತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಚಿಕ್ಕ ಜಾಗ, ಅತ್ತೆಯ ಕೋಣೆ ಮಳೆ ಹೊಡೆಯುವ ಬದಿಗೇ ಬಂತು. ಅದಕ್ಕೇ ಅಲ್ಲಿ ಜೋಡು ಗೋಡೆ ಹಾಕಿಸಿದೆವು: ಹೊರಗೊಂದು, ಒಳಗೊಂದು, ನಡುವೆ ನಾಲ್ಕು ಬೆರಳು ಖಾಲಿ ಸಂದಿ. ಹೊರಗಿನದು ನೆನೆದರೂ ಒಳಗಿನದು ಒಣಗಿರುತ್ತದೆ. ಆದರೆ ಕಟ್ಟುವಾಗ ಆ ಸಂದಿಯೊಳಗೆ ಗಾರೆ ಬೀಳಬಾರದು, ನೀರು ಇಳಿಯಬಾರದು. ಗೋಡೆ ಕಟ್ಟುವ ಗೌಂಡಿ ದಿನಾ ಸಂಜೆ ಅದರ ಬಾಯಿಗೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಇಟ್ಟಿಗೆ ಹೇರಿ ಹೋಗುತ್ತಿದ್ದ. ಕೆಲಸ ನೋಡಿಕೊಳ್ಳಲು ಮಿರಜಿನಿಂದ ಬೆಳಿಗ್ಗೆ ನಾನು ಬಂದರೆ, ಸಂಜೆ ಅತ್ತೆ ಬರುತ್ತಿದ್ದರು.

ಆದರೂ ಒಳಗೋಡೆಯ ಬುಡ ದಿನದಿಂದ ದಿನಕ್ಕೆ ಕಪ್ಪಾಗುತ್ತ ಬಂತು. ಸುಡುಬಿಸಿಲು, ಮಳೆಯ ಸುಳಿವಿಲ್ಲ, ಈ ನೀರೆಲ್ಲಿಂದ? ಗೌಂಡಿಯನ್ನು ತರಾಟೆಗೆ ತೆಗೆದುಕೊಂಡೆ. ತಾನು ಹೊದಿಸಿಯೇ ಹೋಗುತ್ತೇನೆಂದು ಅವನು ಮರಾಠಿಯಲ್ಲಿ ಆಣೆ ಮಾಡಿದ. ಸರಿ, ಒಂದು ಸಂಜೆ ಅವನು ಹೋದ ಮೇಲೆ ನಾನೇ ಹೋಗಿ ನೋಡಿದೆ. ಅತ್ತೆ! ಸೊಂಟದೆತ್ತರ ಎದ್ದಿದ್ದ ಗೋಡೆಯ ಮೇಲಿನ ಪ್ಲಾಸ್ಟಿಕ್ ಸರಿಸಿ, ಸಂದಿಯೊಳಗೆ ಕೊಡದಿಂದ ನೀರು ಹೊಯ್ಯುತ್ತಿದ್ದಾರೆ.

"ಅಯ್ಯಯ್ಯೋ, ಅತ್ತಿ, ಏನ ಮಾಡಾಕತ್ತೀರಿ?"

"ಆ ಗೌಂಡಿ ಮ್ಯಾಲ ಮ್ಯಾಲ ಚಿಮಕಿಸಿ ಹೋಗ್ತಾನ. ನಡುವ ಯಾರ ಹಾಕಬೇಕ?" ಏದುಸಿರು ಬಿಡುತ್ತಲೇ ಹೇಳಿದರು. "ಸಾಂಗ್ಲ್ಯಾಗ ಎಷ್ಟ ಮಂದಿ ಮನಿಗೆ ನೀರ ಹೊತ್ತೇನಿ. ನಮ್ಮ ಮನಿ ಗ್ವಾಡಿ ಒಣಗಸಲೇನು?"

ವಿಜಾಪುರದ ಕಡೆಯಿಂದ ಬಂದು ಕಟ್ಟಡದ ಕೂಲಿ ಮಾಡಿದ ಜೀವ ಅದು. ಹೊಸ ಗೋಡೆ ನೀರು ಕುಡಿದಷ್ಟೂ ಗಟ್ಟಿ ಎಂದು ಬಲ್ಲವರು, ಅದು ಸುಳ್ಳೂ ಅಲ್ಲ. ಜೋಡು ಗೋಡೆ ಮಾತ್ರ ಕಂಡಿರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಉಬ್ಬಸದ ಸಲುವಾಗೇ ಈ ಒಣಾ ಗ್ವಾಡಿ ಕಟ್ಟಸಾಕತ್ತೇವ್ರಿ! ನಿಮ್ಮ ಖೋಲಿ ನೀವ ಹಾಳ ಮಾಡ್ಕೊಂಡ್ರಲ್ಲ!"

ಅವರು ಕೊಡ ಕೆಳಗಿಟ್ಟರು. "ನನ್ನ ಸಲುವಾಗೇನು?" ಎಂದರು. ಆಮೇಲೆ ಇಟ್ಟಿಗೆ ರಾಶಿಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರಿಗೆ ಯಾರೂ ಹೇಳಿರಲೇ ಇಲ್ಲ.

ಮರುದಿನ ಗೌಂಡಿ ಹೊರಗೋಡೆಯ ಬುಡದ ಕೆಲವು ಇಟ್ಟಿಗೆ ಕಿತ್ತು, ನಿಂತ ನೀರು, ಬಿದ್ದ ಗಾರೆ ಎಲ್ಲ ಹೊರಗೆಳೆದು, ಗಾಳಿಯಾಡಲು ಬಿಟ್ಟ. ಒಣಗಿದ ಮೇಲೆ ನೀರು ಹೊರಹೋಗಲು ಸಣ್ಣ ತೂತುಗಳನ್ನು ಉಳಿಸಿ ಮುಚ್ಚಿದ. ಅಲ್ಲಿಂದ ಅತ್ತೆಯದೇ ಕಾವಲು. ಸಂದಿಯೊಳಗೆ ಒಂದು ಹನಿ ಬಿದ್ದರೂ ಗೌಂಡಿಯ ಗ್ರಹಚಾರ ಬಿಡಿಸುತ್ತಿದ್ದರು.

ಮಳೆಗೆ ಮುಂಚೆ ಹೊಸ ಮನೆ ಸೇರಿದೆವು. ಮಳೆ ಹಿಡಿದು ಹೊಡೆಯಿತು. ಒಳಗೋಡೆ ಒಣಗಿಯೇ ಇತ್ತು, ಅತ್ತೆ ಸರಾಗವಾಗಿ ಉಸಿರಾಡಿದರು. ಮನೆ ನೋಡಲು ಬಂದವರಿಗೆ ನಾನು ಹೊಸ ಟಿ.ವಿ. ತೋರಿಸಲು ಹೋದರೆ, ಅತ್ತೆ ಅವರ ಕೈ ಹಿಡಿದು ತಮ್ಮ ಕೋಣೆಗೆ ಎಳೆದೊಯ್ಯುತ್ತಿದ್ದರು.

"ಕೈ ಇಟ್ಟ ನೋಡ್ರಿ. ಎಲ್ಲಾರಿಗೂ ಒಂದ ಗ್ವಾಡಿ. ನನ್ನ ಸೊಸಿ ನನಗ ಎರಡ ಕಟ್ಟಿಸ್ಯಾಳ."